ಹುಳುಮನೆಯ ಬಾಗಿಲಲ್ಲಿ ಕೇಳಿದ್ದು

ನಮ್ಮದು ಸಾದಲಿ ಕಡೆಯ ಊರು. ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಅದನ್ನು ಹುಳುಮನೆ ಎನ್ನುತ್ತೇವೆ. ದೇವರ ಕೋಣೆಗಿಂತ ಅಲ್ಲಿ ಮಡಿ ಜಾಸ್ತಿ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಟ್ಟಿರುತ್ತಾರೆ, ಕೈಕಾಲು ತೊಳೆದೇ ಒಳಗೆ ಹೋಗಬೇಕು. ಹೆಂಗಸರಿಗೆ ಅಷ್ಟು ಸಾಲದು. ಸೊಸೆಯಾಗಲಿ, ಕೂಲಿಗೆ ಬಂದವಳಾಗಲಿ, ಹೊರಗಾಗಿದ್ದೀಯಾ ಎಂದು ಅಮ್ಮ ಬಾಗಿಲಲ್ಲೇ ತಡೆದು ಕೇಳುತ್ತಾಳೆ. ಮುಟ್ಟಾದವರು ಒಳಗೆ ಬಂದರೆ ಹುಳುವಿಗೆ ರೋಗ ತಗಲುತ್ತದೆ ಎಂಬುದು ಅವಳ ನಂಬಿಕೆ.

ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನಾನು ಆ ಮನೆಯ ಹಿರಿಮಗನಾಗಿದ್ದೆ. ಕೆಸರುಗಾಲಲ್ಲಿ ನುಗ್ಗಿದರೂ ಗಂಡುಹುಡುಗ, ಹೋಗಲಿ ಬಿಡು ಎನ್ನುತ್ತಿದ್ದರು. ಗಂಡಸರ ಕೆಸರಿನಿಂದ ಹುಳುವಿಗೆ ಏನೂ ಆಗುವುದಿಲ್ಲವೆಂದು ಕಾಣುತ್ತದೆ. ನಾನು ಹೆಣ್ಣು ಎಂಬುದು ನನಗೆ ಹನ್ನೊಂದನೇ ವಯಸ್ಸಿಗೇ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಇನ್ನೂ ಅಷ್ಟೇ ವರ್ಷ ಹಿಡಿಯಿತು. ಹೇಳಿದ ದಿನ ಅಪ್ಪ ನನ್ನ ಬಟ್ಟೆಬರೆ ಬೀದಿಗೆ ಎಸೆದ. ಅಮ್ಮ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ.

ಚಿಂತಾಮಣಿಯಲ್ಲಿ ರೂಮು ಹಿಡಿದು ಬ್ಲೌಸ್ ಹೊಲಿಯತೊಡಗಿದೆ. ಗಿರಾಕಿಗಳು ತೆಲುಗಿನಲ್ಲಿ ಬೈಯುತ್ತಾರೆ, ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾರೆ, ಆದರೆ ಅಕ್ಕ ಎಂದೇ ಕರೆಯುತ್ತಾರೆ. ಅಪ್ಪ ತೀರಿಕೊಂಡಾಗಲೂ, ತಮ್ಮನ ಮದುವೆಗೂ ಊರಿನಿಂದ ಕರೆ ಬರಲಿಲ್ಲ. ಆರು ವರ್ಷ ಹೀಗೇ ಹೋಯಿತು.

ಹೋದ ವರ್ಷ ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. ಹುಳುವೆಲ್ಲ ಒಟ್ಟಿಗೆ ಹಣ್ಣಾಗಿದೆ, ಕೂಲಿಯವರು ಸಿಗುತ್ತಿಲ್ಲ, ಹೆಂಡತಿ ಹೊರಗಾಗಿದ್ದಾಳೆ, ಬಾ ಎಂದ. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಎಲ್ಲೆಂದರಲ್ಲಿ ಗೂಡು ಕಟ್ಟಿ ಬೆಳೆ ಹಾಳು. ಕೈ ಸಾಲದೆ ಕರೆದಿದ್ದಾರೆ, ಪ್ರೀತಿ ಉಕ್ಕಿ ಅಲ್ಲ ಎಂದು ಗೊತ್ತಿತ್ತು. ಆದರೂ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ. ಹುಳು ಆರಿಸಲು ಯಾರಾದರೂ ಒಳ್ಳೆಯ ಸೀರೆ ಉಡುತ್ತಾರೆಯೇ? ದಾರಿಯುದ್ದಕ್ಕೂ ಒಂದೇ ಚಿಂತೆ: ಅಮ್ಮ ಮುಖ ಕೊಟ್ಟು ಮಾತಾಡುತ್ತಾಳೋ ಇಲ್ಲವೋ.

ಜಗಲಿಯ ಮೇಲೆ ತಮ್ಮನ ಹೆಂಡತಿ ಒಬ್ಬಳೇ ಕೂತಿದ್ದಳು. ಮೊದಲ ಸಲ ನೋಡಿದರೂ ಗುರುತು ಹಿಡಿದು ಬನ್ನಿ ಅಕ್ಕ ಎಂದಳು. ಅಮ್ಮ ಹುಳುಮನೆಯ ಬಾಗಿಲಲ್ಲಿದ್ದಳು. ನಾನು ಕೈಕಾಲು ತೊಳೆದು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಕೈ ಅಡ್ಡ ಇಟ್ಟಳು.

"ಹೊರಗಾಗಿದ್ದೀಯೇನಮ್ಮ?"

ರೂಢಿಯ ಮಾತು, ಬಾಯಿಗೆ ಬಂದುಬಿಟ್ಟಿತ್ತು. ಯಾರನ್ನು ಕೇಳಿದೆ ಎಂದು ಆಮೇಲೆ ಹೊಳೆದಿರಬೇಕು, ಕಣ್ಣು ಬೇರೆ ಕಡೆ ತಿರುಗಿಸಿದಳು. ಆದರೆ ಕೈ ತೆಗೆಯಲಿಲ್ಲ, ಉತ್ತರಕ್ಕೆ ಕಾದಳು.

"ಇಲ್ಲಮ್ಮ."

"ಹಂಗಾದ್ರೆ ಬಾ. ಆ ಕಡೆ ತಟ್ಟೆ ನೋಡ್ಕೊ."

ಇಂಥ ಪ್ರಶ್ನೆ ಕೇಳಿಸಿಕೊಂಡು ಸಂತೋಷಪಟ್ಟ ಹೆಂಗಸು ನಮ್ಮೂರಲ್ಲಿ ನಾನೊಬ್ಬಳೇ ಇರಬೇಕು. ಸೆರಗು ಸಿಕ್ಕಿಸಿಕೊಂಡು ತಟ್ಟೆಯ ಮುಂದೆ ಕೂತೆ.

ಮಧ್ಯಾಹ್ನ ನೀರು ಕುಡಿಯಲು ಹೊರಗೆ ಬಂದಾಗ ತಮ್ಮನ ಹೆಂಡತಿ ದನಿ ತಗ್ಗಿಸಿ ಹೇಳಿದಳು: "ಅತ್ತೆ ನಿಮ್ಮನ್ನ ಕೇಳಿದ್ದು ಕೇಳಿಸ್ತು ಅಕ್ಕ, ಖುಷಿಯಾಯ್ತು. ನನ್ ಪರವಾಗೂ ಒಂದ್ ಮಾತು ಹೇಳಿ. ಇಷ್ಟು ದಿನ ಸೊಪ್ಪು ಹಾಕಿ ಸಾಕ್ದೋಳು ನಾನು. ಈಗ ಇಲ್ಲಿ ಕೂತ್ಕೊಂಡು ನೋಡಕ್ಕಾಗಲ್ಲ."

ಹೇಳುತ್ತೇನೆ ಎಂದು ಒಳಗೆ ಹೋದೆ. ಅಮ್ಮ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆವು. ಒಂದೆರಡು ಸಲ ಅಮ್ಮ ಎಂದು ಕರೆದೆ. ಏನು ಎಂದಳು. ಏನಿಲ್ಲ ಎಂದೆ. ಹೇಳಿದರೆ ಎಲ್ಲಿ ನನ್ನನ್ನೂ ಆಚೆ ಕಳಿಸುತ್ತಾಳೋ ಎಂಬ ಭಯ. ಸಂಜೆಯವರೆಗೂ ಹುಳು ಆರಿಸಿದೆವು. ಜಗಲಿಯಲ್ಲಿದ್ದವಳು ಆಗಾಗ ಬಾಗಿಲ ಕಡೆ ನೋಡುತ್ತಲೇ ಇದ್ದಳು.