ಎರಡನೇ ಗೇರ್ ಮತ್ತು ಅತ್ತೆಯ ಮೊಣಕಾಲು

ಶಾರ್ಟ್ ಶಿಫ್ಟರ್ ಹಾಕಿದರೆ ಗೇರ್ ಲಿವರ್ ಹೆಚ್ಚು ದೂರ ಓಡಾಡುವುದಿಲ್ಲ. ಅದನ್ನು ಹಾಕಿಕೊಡು ಎಂದಾಗ ವಿಜಯವಾಡದ ಮೆಕ್ಯಾನಿಕ್ ನನ್ನ ಹಳೇ ಪಿಕಪ್ಪನ್ನೂ ನರೆತ ತಲೆಯನ್ನೂ ನೋಡಿ, "ರೇಸಿಗಾ ಸಾರ್?" ಅಂದ.

"ಅಲ್ಲಪ್ಪಾ, ನಮ್ಮತ್ತೆಯ ಮೊಣಕಾಲಿಗೆ," ಅಂದೆ, ನನ್ನ ಹರಕು ತೆಲುಗಿನಲ್ಲಿ.

ಕಿಟಕಿ ಪಕ್ಕ ಕೂರದಿದ್ದರೆ ನನ್ನ ಹೆಂಡತಿಗೆ ವಾಂತಿ. ಹಾಗಾಗಿ ನಡುವಿನ ಜಾಗ ಅತ್ತೆಗೆ. ಎರಡನೇ ಗೇರ್ ಹಾಕಿದಾಗಲೆಲ್ಲ ಲಿವರ್ ಅವರ ಆಪರೇಷನ್ ಆದ ಮೊಣಕಾಲಿಗೇ ಬರುತ್ತಿತ್ತು. ಅಳಿಯನ ಗಾಡಿಯಲ್ಲವೇ, ಅವರು ತುಟಿ ಬಿಚ್ಚುತ್ತಿರಲಿಲ್ಲ. ಎಂಜಿನ್ ಸದ್ದು ಕೇಳಿ ಮೊದಲೇ ಕಾಲು ಸರಿಸಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ ನಗಲಿಲ್ಲ. ಶಿಫ್ಟರ್ ಕೂರಿಸಿ, ಅತ್ತೆಯನ್ನೂ ಗಾಡಿಯಲ್ಲಿ ಕೂರಿಸಿ, ಒಂದೊಂದೇ ಗೇರ್ ಹಾಕುತ್ತಾ "ತಗುಲುತೋಂದಾ ಅಮ್ಮಾ?" ಎಂದು ಕೇಳಿದ.

"ಇಲ್ಲ ಮಗಾ, ನಿನ್ನ ಹೊಟ್ಟೆ ತಣ್ಣಗಿರಲಿ," ಅಂದರು ಅತ್ತೆ. ಕನ್ನಡ ಬಾರದ ಆತ ಕೈ ಮುಗಿದ.

ವಿಶಾಖಪಟ್ಟಣದವರೆಗೂ ಲಿವರ್ ಅವರ ಕಾಲಿನ ಹತ್ತಿರ ಸುಳಿಯಲಿಲ್ಲ. ಅಲ್ಲಿನ ಮಧುರವಾಡದಲ್ಲಿ ನಮ್ಮ ಮನೆಯ ಏರು ಹತ್ತುವಾಗ ಗಾಡಿ ಮುಕ್ಕರಿಯತೊಡಗಿತು. ನಾನಿನ್ನೂ ಮೂರನೇ ಗೇರಿನಲ್ಲೇ ಇದ್ದೆ. ಅತ್ತೆ ಅಭ್ಯಾಸಬಲದಿಂದ ಮೊಣಕಾಲು ಸರಿಸಿದರು. ನನ್ನ ಕೈ ತಾನಾಗಿ ಎರಡನೇ ಗೇರ್ ಹಾಕಿತು.

ಇಷ್ಟು ದಿನ ಗಾಡಿ ಓಡಿಸಿದ್ದು ಯಾರೆಂದು ಆಗ ಗೊತ್ತಾಯಿತು. ಲೈಸೆನ್ಸ್ ಮಾತ್ರ ನನ್ನ ಹೆಸರಲ್ಲಿದೆ.