ಮೋತಿಗೆ ಅರ್ಧ ಗುಳಿಗೆ

ನಮ್ಮ ಕಪಾಟಿನಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದಿದೆ. ಬಿಸ್ಕತ್ತಿನ ಆಸೆಯಿಂದ ಮುಚ್ಚಳ ತೆಗೆದವರಿಗೆ ಗುಳಿಗೆ ಸಿಗುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದೀತು. ಆದರೆ ಹೈದರಾಬಾದಿನಲ್ಲಿ ಮನೆ ಮಾಡಿದ ರಾಯಚೂರಿನವರಿಗೆ ಇದು ತಪ್ಪಿದ್ದಲ್ಲ. ಊರಿನ ಬಂಧುಗಳಿಗೆ ಇಲ್ಲಿಯ ದೊಡ್ಡ ಆಸ್ಪತ್ರೆಗಳ ಮೇಲೆ ಭಕ್ತಿ. ತೋರಿಸಿಕೊಳ್ಳಲು ಬಂದವರು ನಮ್ಮ ಸನತ್‌ನಗರದ ಮನೆಯಲ್ಲಿ ಉಳಿದು, ಗುಣವಾಗಿ ಹೊರಡುವಾಗ ಮಿಕ್ಕ ಗುಳಿಗೆಗಳನ್ನು "ಇರ್ಲಿ, ಯಾರಿಗರ ಬೇಕಾಗ್ತಾವ" ಎಂದು ಬಿಟ್ಟುಹೋಗುತ್ತಾರೆ. ಬಾಲಾನಗರದ ಕಾರ್ಖಾನೆಯಲ್ಲಿ ನಟ್ಟು ಬೋಲ್ಟುಗಳ ಅಳತೆ ನೋಡುತ್ತಿದ್ದ ನಾನು ಆ ಡಬ್ಬಿಯ ಬಲದಿಂದ ಬಂಧುಬಳಗಕ್ಕೆಲ್ಲ ಅರ್ಧ ಡಾಕ್ಟರನಾಗಿದ್ದೆ.

ಆ ವರ್ಷಗಳಲ್ಲಿ ಮಾಧಾಪುರದ ಕಡೆ ಬಂಡೆ ಒಡೆದು ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನೌಕರಿ ಯಾರು ಯಾರಿಗೆ ಸಿಕ್ಕಿತೋ, ಧೂಳು ಮಾತ್ರ ಎಲ್ಲರಿಗೂ ಸಿಕ್ಕಿತು. ಬೆಳಗಾದರೆ ನನಗೆ ಸೀನು. ಡಬ್ಬಿಯಲ್ಲಿದ್ದ ಒಂದು ನೆಗಡಿ ಗುಳಿಗೆ ನನಗೆ ಚೆನ್ನಾಗಿ ಒಗ್ಗಿತ್ತು. ಹಾಗಾಗಿ ನಮ್ಮ ನಾಯಿ ಮೋತಿ ಮೈ ಕೆರೆದುಕೊಂಡು ಹೊಟ್ಟೆಯ ಚರ್ಮ ಕೆಂಪು ಮಾಡಿಕೊಂಡಾಗ ಕೈ ತಾನಾಗಿ ಡಬ್ಬಿಗೆ ಹೋಯಿತು. ಧೂಳು ಅದೇ, ಅಲರ್ಜಿ ಅದೇ, ಅಂದಮೇಲೆ ಗುಳಿಗೆಯೂ ಅದೇ. ಮೋತಿ ಚಿಕ್ಕದೆಂದು ಅರ್ಧ ಮುರಿದೆ. ಇಷ್ಟು ವಿವೇಕ ಸಾಕೆಂದು ನನಗನ್ನಿಸಿತ್ತು.

ಬೆಣ್ಣೆ ಸವರಿದ ರೊಟ್ಟಿಯ ಚೂರಿನಲ್ಲಿ ಅದನ್ನು ಸುತ್ತುತ್ತಿದ್ದಾಗ ಹೆಂಡತಿ ನೀಲಾ ಕಂಡಳು.

"ಏನ್ ಕೊಡಾಕತ್ತೀರಿ ಅದಕ್ಕ?"

"ನನ್ನ ಗುಳಿಗಿನೇ. ಅರ್ಧಾ ಅಷ್ಟ."

"ನಿಮಗ ಹೆಚ್ಚು ಕಡಿಮಿ ಆದ್ರ ಬಾಯಿಬಿಟ್ಟು ಹೇಳ್ತೀರಿ. ಅದು ಯಾರಿಗೆ ಹೇಳಬೇಕು? ಡಾಕ್ಟರಿಗೆ ಒಂದು ಮಾತು ಕೇಳ್ರಿ."

ನನಗೆ ಬೇಸರವಾಯಿತು. ಇಡೀ ಬಳಗ ಒಪ್ಪಿದ ವೈದ್ಯನನ್ನು ಮನೆಯವಳೇ ಒಪ್ಪಲಿಲ್ಲವಲ್ಲ. ನನ್ನದೇ ಸರಿ ಎಂದು ತೋರಿಸಲು ಗುಳಿಗೆಯ ಪಟ್ಟಿಯನ್ನು ಜೇಬಿಗಿಟ್ಟುಕೊಂಡು, ನೀಲಾ ಮತ್ತು ಮೋತಿಯೊಂದಿಗೆ ಆಟೋ ಹತ್ತಿದೆ.

ಪಶುವೈದ್ಯೆ ನಮ್ಮ ಕಡೆಯವರೇ. ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಿ ನನ್ನತ್ತ ನೋಡಿದರು. "ಇದರಾಗ ಇರೋದು ಅಲರ್ಜಿ ಔಷಧ ಒಂದ ಅಲ್ರಿ. ಕಟ್ಟಿದ ಮೂಗು ಬಿಡಸೋದೂ ಕೂಡೇತಿ. ನಾಯಿಗೆ ಅದು ವಿಷ. ಎದಿ ಬಡಿತ ಏರಿ ಜೀವಕ್ಕ ಬರ್ತೈತಿ. ಕೊಟ್ಟೀರೇನು?"

"ಇಲ್ರಿ" ಎಂದೆ.

ಮುಂದಿನ ಪ್ರಶ್ನೆ ತೂಕದ್ದು. ಮೋತಿ ತೂಕದ ಯಂತ್ರದ ಮೇಲೆ ನಿಲ್ಲಲೊಲ್ಲದು. ಕೊನೆಗೆ ಅದನ್ನೆತ್ತಿಕೊಂಡು ನಾನೇ ನಿಂತೆ, ಆಮೇಲೆ ಒಬ್ಬನೇ ನಿಂತೆ, ಡಾಕ್ಟರು ಕಳೆದರು. ನಾಯಿಯ ಲೆಕ್ಕ ಸಿಗಬೇಕಾದರೆ ನನ್ನ ತೂಕವನ್ನು ನೀಲಾಳೆದುರಿಗೆ ಗಟ್ಟಿಯಾಗಿ ಓದಬೇಕಾಗಿ ಬಂದದ್ದು ಬೇರೆ ಮಾತು. ಕಿವಿಯ ಹಿಂದೆ ರಕ್ತ ಹೀರುತ್ತಿದ್ದ ಉಣ್ಣಿಗಳೂ ಸಿಕ್ಕವು. ನಾನು ಪಾಪ, ಎಲ್ಲವನ್ನೂ ಮಾಧಾಪುರದ ಮೇಲೆ ಹೊರಿಸಿದ್ದೆ.

ಉಣ್ಣಿಗೆ ಔಷಧ ಹಚ್ಚಿ, ಅಲರ್ಜಿಯದೊಂದೇ ಇರುವ ಗುಳಿಗೆಯನ್ನು ತೂಕಕ್ಕೆ ತಕ್ಕಂತೆ ಬರೆದುಕೊಟ್ಟರು. "ನಿದ್ದಿ ಜಂಪು ಹತ್ತಿದ್ರ ಅಂಜಬ್ಯಾಡ್ರಿ. ವಾಂತಿ ಮಾಡಿದ್ರ, ಭಾಳ ಮಂಕಾದ್ರ ಕೂಡ್ಲೇ ಫೋನ್ ಮಾಡ್ರಿ. ಬ್ಯಾರೆ ಏನೂ ಜೋಡಿ ಕೊಡಬ್ಯಾಡ್ರಿ, ನನ್ನ ಕೇಳದ."

ಮನುಷ್ಯರಿಗೊಂದು, ಪ್ರಾಣಿಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆ ಏರ್ಪಡಿಸಿ ಅದನ್ನು ಬಂಡೆಯ ಮೇಲೆ ಕೆತ್ತಿಸಿದ ಚಕ್ರವರ್ತಿಯ ಬಗ್ಗೆ ಶಾಲೆಯಲ್ಲಿ ಓದಿದ್ದೆ. ದಯಾಳು ಎಂದು ಬರೆದು ಅಂಕ ಗಳಿಸಿದ್ದೆ. ಎರಡು ಬಗೆ ಏಕೆ ಬೇಕಿತ್ತೆಂದು ಮಾಸ್ತರರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸಂಜೆ ಗುಳಿಗೆ ಸುತ್ತಲು ರೊಟ್ಟಿ ತರಲೆಂದು ನೀಲಾ ಒಳಗೆ ಹೋದಳು. ಗುಳಿಗೆ ನನ್ನ ಅಂಗೈಯಲ್ಲಿತ್ತು. ಮೋತಿ ಬಂದು, ಮೂಸಿಯೂ ನೋಡದೆ ಅದನ್ನು ನುಂಗಿ, ಅಂಗೈ ನೆಕ್ಕಿ, ಇನ್ನೇನಾದರೂ ಇದೆಯೇ ಎಂದು ನನ್ನ ಮುಖ ನೋಡಿತು. ಬೆಣ್ಣೆಯ ಉಪಾಯವೇ ಬೇಕಾಗಿರಲಿಲ್ಲ. ಕೊಡುವವನು ನಾನು ಎಂಬುದಷ್ಟೇ ಅದಕ್ಕೆ ಸಾಕಾಗಿತ್ತು.

ರೊಟ್ಟಿ ಹಿಡಿದು ಬಂದ ನೀಲಾ ನಕ್ಕಳು. ನಾನೂ ನಗಲು ನೋಡಿದೆ, ಆಗಲಿಲ್ಲ. ಕೊಟ್ಟಿದ್ದರೆ ಬೆಳಗಿನ ಆ ಅರ್ಧ ಗುಳಿಗೆಯನ್ನೂ ಅದು ಹೀಗೆಯೇ ನುಂಗುತ್ತಿತ್ತು.