ಮದುವೆಮನೆಯಲ್ಲಿ ಪಿಂಗ್ ಮಾಡಿದ್ದು

ನನ್ನ ಬಗ್ಗೆ ನಾನೇ ಹೇಳಿಕೊಂಡರೆ ಜಂಬ ಅನ್ನುತ್ತೀರಿ. ಅನ್ನಿ, ಪರವಾಗಿಲ್ಲ. ಮಿಜಾರಿನ ಕಡೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಮಾಡುವವಳು ನಾನು. ಜಂಬಪಡುವಂಥದ್ದು ಅಲ್ಲಿ ದಿನವೂ ಸಿಗುವುದಿಲ್ಲ. ಸಿಕ್ಕಿದ್ದು ವೇಣೂರಿನಲ್ಲಿ, ನಮ್ಮ ಪಕ್ಕದ ಬ್ಯಾರಿಗಳ ಮನೆಯಲ್ಲಿ, ಅವರ ಮಗಳ ನಿಖಾದ ದಿನ.

ಹುಡುಗಿಯ ತಂದೆ ಗಲ್ಫಿನಲ್ಲಿ. ರಜೆ ಸಿಗಲಿಲ್ಲ. ನಿಖಾದ ಜವಾಬ್ದಾರಿಯನ್ನು ತಮ್ಮನಿಗೆ ವಹಿಸಿ, ತಾನು ವಿಡಿಯೋದಲ್ಲಿ ಕಣ್ತುಂಬ ನೋಡುತ್ತೇನೆ ಎಂದಿದ್ದರು. ಅವರು ಕೇಳಿದ್ದು ಅದೊಂದೇ. ಆದರೆ ಆ ಬೆಳಿಗ್ಗೆ ಪರದೆಯ ಮೇಲೆ ಅವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಮಾತು ತುಂಡು ತುಂಡು. ಮೊಬೈಲ್ ಸಿಗ್ನಲ್ಲೋ, ನಮ್ಮಲ್ಲಿ ಇದ್ದರೂ ಇಲ್ಲದ ಹಾಗೆ. ಮದುಮಗಳು ಮದರಂಗಿಯ ಕೈ ಮುಖಕ್ಕೆ ಹಿಡಿದು ಅಳತೊಡಗಿದಳು.

ಇಂಟರ್ನೆಟ್ ಕೊಟ್ಟವನಿಗೆ ಫೋನ್ ಮಾಡಿದೆ. "ನಮ್ಮ ಕಡೆ ಎಲ್ಲ ಸರಿ ಉಂಟು ಮೇಡಂ, ಗಲ್ಫಲ್ಲೇ ಏನೋ ತೊಂದರೆ" ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಅಳತೆ ಮಾಡಿ ಹೇಳ್ತೀರೋ, ಬಾಯಿಗೆ ಬಂದದ್ದು ಹೇಳ್ತೀರೋ?" ಎಂದು ಫೋನ್ ಇಟ್ಟು ಮದುವೆಮನೆಯವರ ಲ್ಯಾಪ್‌ಟಾಪನ್ನು ಮಡಿಲಿಗೆ ಎಳೆದುಕೊಂಡೆ.

ಪಿಂಗ್ ಅಂದರೆ ಗದ್ದೆಯ ಈ ತುದಿಯಿಂದ ಕೂ ಹಾಕಿದ ಹಾಗೆ. ಆಚೆಯಿಂದ ಓ ಎಂದು ಬರಲು ಎಷ್ಟು ಹೊತ್ತಾಯಿತು, ಎಷ್ಟು ಕೂಗಿಗೆ ಉತ್ತರವೇ ಇಲ್ಲ, ಅಷ್ಟೇ ನೋಡುವುದು. ಮೊದಲು ಮನೆಯೊಳಗಿನ ರೌಟರಿಗೆ ಕೂಗಬೇಕು, ಆಮೇಲೆ ಊರಾಚೆಗೆ. ಲ್ಯಾಬಿನಲ್ಲಿ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೂಗಿದೆ. ಅಯ್ಯೋ, ಮನೆಯೊಳಗಿನ ರೌಟರೇ ಒಮ್ಮೆ ಓ ಎಂದರೆ ಮತ್ತೆ ಸುಮ್ಮನೆ! ಪಾಪ, ಫೋನಿನವನದೂ ತಪ್ಪಿಲ್ಲ, ಗಲ್ಫಿನದೂ ಇಲ್ಲ.

"ಕಾಕ, ರೌಟರ್ ಎಲ್ಲುಂಟು?" ಎಂದು ಹುಡುಗಿಯ ಚಿಕ್ಕಪ್ಪನನ್ನು ಕೇಳಿದೆ.

"ಅದು ಭದ್ರ ಉಂಟು ಟೀಚರ್. ಮದುವೆಗೆ ಬಂದವರೆಲ್ಲ ಪಾಸ್‌ವರ್ಡ್ ಕೇಳ್ತಾರೆ, ಮಕ್ಕಳು ಕೈ ಹಾಕ್ತವೆ. ವಯರನ್ನು ಸಂದಿಯಲ್ಲಿ ತೂರಿಸಿ, ಕಬ್ಬಿಣದ ಕಪಾಟಿನೊಳಗೆ ಇಟ್ಟು ಬೀಗ ಹಾಕಿದ್ದೇನೆ."

ಮದುವೆಯ ಚಿನ್ನದ ಜೊತೆಗೆ! "ಕಬ್ಬಿಣದೊಳಗೆ ಕೂತರೆ ವೈಫೈ ಹೊರಗೆ ಬರುವುದು ಹೇಗೆ ಮಾರಾಯ್ರೇ? ತೆಗೀರಿ ಬೇಗ!"

ರೌಟರನ್ನು ಮೇಜಿನ ಮೇಲೆ ಇಟ್ಟದ್ದೇ ತಡ, ಕೂಗಿದಷ್ಟಕ್ಕೂ ಓ. ಗಲ್ಫಿನ ಒಂದು ಸರ್ವರಿಗೂ ಕೂಗಿ ನೋಡಿದೆ. ದೂರವಲ್ಲವೇ, ಸ್ವಲ್ಪ ತಡ, ಆದರೆ ಒಂದೂ ತಪ್ಪಲಿಲ್ಲ. "ಇನ್ನು ಕರೀರಿ" ಎಂದೆ, ಸೊಂಟಕ್ಕೆ ಕೈ ಕೊಟ್ಟು.

ನಿಖಾ ಮುಗಿಯುವವರೆಗೂ ತಂದೆ ಕಣ್ತುಂಬ ನೋಡುತ್ತಲೇ ಇದ್ದರು. ಆಮೇಲೆ ಹುಡುಗಿ ಪರದೆಯ ಹತ್ತಿರ ಬಂದು, "ಬಾಪ, ನಾನು ಕಾಣ್ತೇನಾ?" ಎಂದಳು.

"ಕಾಣ್ತೀ ಮಗಳೇ. ಕಣ್ಣಿನ ಕಾಡಿಗೆ ಸಹ ಕಾಣ್ತದೆ."

ಅವರ ಕಣ್ಣೀರು ಕೆನ್ನೆಯಿಂದ ಗಡ್ಡದವರೆಗೆ ಇಳಿಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ. ಅದನ್ನು ನೋಡಿ ನನಗೂ ಅಳು ಬಂತು. ಜಂಬದ ಅಳು.